ತೇಲುವ ದ್ವೀಪಕ್ಕೆ ಮೊದಲು ನೀರು ಹುಡುಕಿ

ಮಾರ್ಚ್ ತಿಂಗಳ ಒಂದು ಭಾನುವಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಐದು ಜನ ದಾಳ ಹಿಡಿದು ಕೂತಿದ್ದೆವು. ಆಟ ನಡೆಸುವವನು ನಾನು. ಉಳಿದವರದು ಒಂದೊಂದು ಪಾತ್ರ. ನಾನು ಒಂದು ಲೋಕ ಕಟ್ಟಿ ಕಥೆ ಹೇಳುತ್ತೇನೆ, ಅವರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ, ಆದದ್ದೇನು ಎಂದು ದಾಳ ತೀರ್ಮಾನಿಸುತ್ತದೆ. ಆವತ್ತು ಎಲ್ಲರ ಪಾತ್ರಗಳನ್ನೂ ಒಂದು ತೇಲುವ ದ್ವೀಪಕ್ಕೆ ಹತ್ತಿಸಿದ್ದೆ. ಮೋಡದ ಮೇಲೆ ದಟ್ಟ ಕಾಡು, ಅಂಚಿನಿಂದ ಧುಮುಕುವ ಐದು ಜಲಪಾತ, ನಡುವೆ ಡ್ರ್ಯಾಗನ್ ಮಲಗಿರುವ ಗುಹೆ. ನಕ್ಷೆ ಬರೆಯುವುದಕ್ಕೇ ಎರಡು ವಾರ ಹಿಡಿದಿತ್ತು.

ಗುಂಪಿನಲ್ಲಿ ಅಡಕೆ ತೋಟ ಮಾಡುವ ಗೆಳೆಯನೊಬ್ಬನಿದ್ದಾನೆ. ನೀರಿಗಾಗಿ ಗುಡ್ಡೆಗೆ ಕೊರೆದ ಅವನ ಮನೆಯ ಸುರಂಗ ಆ ವರ್ಷ ಶಿವರಾತ್ರಿಯ ಹೊತ್ತಿಗೇ ಬತ್ತಿತ್ತು. ಅವನ ಪಾತ್ರ ಗುಹೆಯ ಕಡೆ ತಿರುಗಿಯೂ ನೋಡಲಿಲ್ಲ. "ನಾನು ಈ ತೋಡು ಹಿಡಿದು ಮೇಲೆ ಹೋಗ್ತೇನೆ. ಇಷ್ಟು ನೀರಿನ ಒರತೆ ಎಲ್ಲಿ ಉಂಟು ಅಂತ ನೋಡ್ಬೇಕು" ಅಂದ. ತೋಡು ಅಂದರೆ ಹಳ್ಳ. ನನ್ನ ನಕ್ಷೆಯಲ್ಲಿ ಅದರ ಒರತೆಗೆ ಜಾಗ ಇರಲಿಲ್ಲ. ಗಾಳಿಯಲ್ಲಿ ನಿಂತ ಬಂಡೆಯೊಂದರಿಂದ ವರ್ಷವಿಡೀ ಐದು ಕಡೆ ನೀರು ಬೀಳುವುದಾದರೆ, ಅಷ್ಟು ನೀರು ಒಳಗೆ ಬರುವುದು ಎಲ್ಲಿಂದ? ಆಟವನ್ನು ಅಲ್ಲಿಗೇ ನಿಲ್ಲಿಸಿದೆವು. ಆ ದ್ವೀಪವನ್ನು ಮೊದಲಿನಿಂದ ಕಟ್ಟಿದೆ. ಈ ಸಲ ಡ್ರ್ಯಾಗನ್‌ನಿಂದ ಅಲ್ಲ, ನೀರಿನಿಂದ ಶುರು ಮಾಡಿದೆ.

ಹಾಗೆ ಕಟ್ಟುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಯಾವ ನಿಯಮದ ಆಟ ಆಡಿದರೂ ಇದು ನಡೆಯುತ್ತದೆ. ಒಂದು ನೋಟ್‌ಬುಕ್, ಪೆನ್ಸಿಲ್, ಆರು ಮುಖದ ದಾಳ ಇದ್ದರೆ ಸಾಕು.

ಮೊದಲ ಹೆಜ್ಜೆ: ಒಂದೇ ಒಂದು ಸುಳ್ಳು

ದ್ವೀಪ ಗಾಳಿಯಲ್ಲಿ ತೇಲುತ್ತದೆ ಅನ್ನುವುದು ಸುಳ್ಳು. ಆಟಗಾರರು ಅದನ್ನು ಖುಷಿಯಿಂದ ಒಪ್ಪಿಕೊಳ್ಳುತ್ತಾರೆ. ಅದರ ಮೇಲೆ ಎರಡನೆಯ ಸುಳ್ಳು ಹೇಳಬೇಡಿ. ತೇಲುವುದಕ್ಕೆ ಒಂದು ಕಾರಣ ಕೊಡಿ, ಆ ಕಾರಣಕ್ಕೆ ಒಂದು ಮಿತಿ ಹಾಕಿ. ಆಮೇಲೆ ಮಳೆ, ಬಿಸಿಲು, ಹಸಿವು, ಸಾವು ಎಲ್ಲವೂ ನಮ್ಮ ಊರಿನ ಹಾಗೆಯೇ ನಡೆಯಲಿ.

ನನ್ನ ದ್ವೀಪದ ಹೆಸರು ಮುಗಿಲಪದವು. ಪದವು ಅಂದರೆ ನಮ್ಮಲ್ಲಿ ಗುಡ್ಡೆಯ ಮೇಲಿನ ಕಲ್ಲಿನ ಬಯಲು. ಅದರ ಕಲ್ಲು ನಮ್ಮ ಮುರಕಲ್ಲಿನ ಹಾಗೆ ಕೆಂಪಗೆ, ತೂತುತೂತಾಗಿದೆ. ಆ ತೂತುಗಳಲ್ಲಿ ಏನೋ ಒಂದು ಹಗುರ ಉಸಿರು ತುಂಬಿಕೊಂಡಿದೆ, ಅದು ದ್ವೀಪವನ್ನು ಎತ್ತಿ ಹಿಡಿಯುತ್ತದೆ. ಇದು ನನ್ನ ಸುಳ್ಳು. ಮಿತಿ ಏನೆಂದರೆ, ತೂತಿಗೆ ನೀರು ತುಂಬಿದಷ್ಟೂ ದ್ವೀಪ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ತಗ್ಗುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಈ ಒಂದು ಸಾಲಿನಿಂದ ನನಗೆ ವರ್ಷದ ಕಥೆಯೆಲ್ಲ ಸಿಕ್ಕಿತು.

ಇದರ ಬೀಜ ಸಿಕ್ಕಿದ್ದು ಮಣಿಪುರದ ಲೋಕ್ತಕ್ ಸರೋವರದಲ್ಲಿ. ಅಲ್ಲಿ ನಿಜವಾಗಿಯೂ ತೇಲುವ ನೆಲ ಇದೆ. ಹುಲ್ಲು, ಬೇರು, ಕೊಳೆತ ಗಿಡ, ಮಣ್ಣು ಎಲ್ಲ ಹೆಣೆದುಕೊಂಡ ಆ ಚಾಪೆಗೆ ಫುಮ್ಡಿ ಎನ್ನುತ್ತಾರೆ. ಸಂಗಾಯ್ ಜಿಂಕೆಗಳು ಅದರ ಮೇಲೆ ಬದುಕುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಫುಮ್ಡಿ ತಳಕ್ಕೆ ತಾಗುತ್ತದೆ, ಬೇರುಗಳು ಕೆಸರಿನ ಸಾರ ಹೀರಿಕೊಳ್ಳುತ್ತವೆ. ಮಳೆ ಬಂದಾಗ ಮತ್ತೆ ತೇಲುತ್ತದೆ. 1983ರಲ್ಲಿ ಇಥಾಯ್ ಬ್ಯಾರೇಜ್ ಬಂದ ಮೇಲೆ ಸರೋವರದಲ್ಲಿ ವರ್ಷವಿಡೀ ನೀರು ನಿಂತಿತು. ಫುಮ್ಡಿಗೆ ತಳ ಸಿಗದೆ ಅದು ತೆಳ್ಳಗಾಗುತ್ತಾ ಬಂತು. ತೇಲುವ ನೆಲಕ್ಕೂ ಆಗಾಗ ಇಳಿಯುವ ಜಾಗ ಬೇಕು ಅನ್ನುವುದನ್ನು ನಾನು ಅಲ್ಲಿಂದ ತೆಗೆದುಕೊಂಡೆ.

ಅಳತೆಯನ್ನೂ ಈಗಲೇ ಬರೆದಿಡಿ. ಮುಗಿಲಪದವು 3 ಕಿಲೋಮೀಟರ್ ಉದ್ದ, 1 ಕಿಲೋಮೀಟರ್ ಅಗಲ. ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರ. ಪ್ರತಿ 1000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ ಎಂದು ಲೆಕ್ಕ ಹಿಡಿಯಬಹುದು. ಅಂದರೆ ಕೆಳಗೆ ಕಡಲ ಬದಿಯ ಕುಂಬಳೆಯಲ್ಲಿ 32 ಡಿಗ್ರಿ ಸೆಕೆ ಇರುವಾಗ ಮೇಲೆ 22. ತೆಂಗು ಅಲ್ಲಿ ಸರಿಯಾಗಿ ಬಾರದು. ಏಲಕ್ಕಿ, ಹಾವಸೆ, ಜರಿಗಿಡ ಬರುತ್ತವೆ. ಎತ್ತರ ಒಂದನ್ನು ಬರೆದರೆ ಅರ್ಧ ಗಿಡಗಳ ಪಟ್ಟಿ ತಾನಾಗಿ ಸಿಗುತ್ತದೆ.

ಎರಡನೆಯ ಹೆಜ್ಜೆ: ನೀರಿನ ಲೆಕ್ಕ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ನನಗೆ ಕೇಳಿದರೆ ಅರ್ಧ ಕೆಲಸ ಇದೇ.

ಕಾಸರಗೋಡಿನವರಿಗೆ ತೇಲುವ ದ್ವೀಪವನ್ನು ಊಹಿಸುವುದು ಕಷ್ಟವಲ್ಲ. ಪೊಸಡಿಗುಂಪೆ ಗುಡ್ಡೆಯ ಮೇಲೆ ಆಷಾಢದ ಒಂದು ಬೆಳಗ್ಗೆ ನಿಂತು ನೋಡಿ. ಸುತ್ತ ಮಂಜು, ಕೆಳಗಿನ ಬೈಲು ಕಾಣಿಸುವುದಿಲ್ಲ. ಕಾಲಡಿಯಲ್ಲಿ ಹುಲ್ಲು, ಕಲ್ಲು, ಅಷ್ಟೇ. ಅಲ್ಲಿ ಬಿದ್ದ ಮಳೆ ಅಲ್ಲಿ ನಿಲ್ಲುವುದಿಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೇರಳದ 44 ನದಿಗಳಲ್ಲಿ 12 ಈ ಒಂದೇ ಜಿಲ್ಲೆಯಲ್ಲಿವೆ. ಆದರೂ ಏಪ್ರಿಲ್ ಬಂದರೆ ಬಾವಿಯಲ್ಲಿ ಕೊಡ ತಳಕ್ಕೆ ತಾಗುತ್ತದೆ. ಮಳೆ ಸಾಲದೆ ಅಲ್ಲ, ನೀರು ಓಡಿಹೋಗುತ್ತದೆ.

ಈಗ ದ್ವೀಪದ ಲೆಕ್ಕ ಮಾಡಿ. ಒಂದು ಚದರ ಕಿಲೋಮೀಟರಿನ ಮೇಲೆ 3500 ಮಿಲಿಮೀಟರ್ ಮಳೆ ಬಿದ್ದರೆ 350 ಕೋಟಿ ಲೀಟರ್. ಮುಗಿಲಪದವಿಗೆ ಅದರ ಮೂರು ಪಾಲು, 1050 ಕೋಟಿ ಲೀಟರ್. ಕೇಳುವುದಕ್ಕೆ ದೊಡ್ಡದು. ಆದರೆ ಅಂಚು ಯಾವ ಕಡೆಯಿಂದ ನೋಡಿದರೂ ಹೆಚ್ಚೆಂದರೆ ಅರ್ಧ ಕಿಲೋಮೀಟರ್ ದೂರ. ಪಕ್ಕದ ಗುಡ್ಡೆಯಿಂದ ಒಳಗಿಂದೊಳಗೆ ಬರುವ ನೀರು ಇಲ್ಲವೇ ಇಲ್ಲ. ತಡೆಯುವವರು ಇಲ್ಲದಿದ್ದರೆ ದೊಡ್ಡ ಮಳೆಯ ಮರುದಿನಕ್ಕೆಲ್ಲ ಖಾಲಿ.

ಹಾಗಾಗಿ ನೀರನ್ನು ಹಿಡಿದಿಡುವ ನಾಲ್ಕು ಕಡೆಗಳನ್ನು ನಕ್ಷೆಯಲ್ಲಿ ಗುರುತು ಮಾಡಿ. ಮೊದಲನೆಯದು ಕಲ್ಲು. ಮುರಕಲ್ಲು ಸ್ಪಂಜಿನ ಹಾಗೆ, ಮಳೆಯನ್ನು ಕುಡಿದು ತಿಂಗಳುಗಟ್ಟಲೆ ನಿಧಾನವಾಗಿ ಬಿಡುತ್ತದೆ. ಅದರಡಿ ಜೇಡಿಮಣ್ಣಿನ ಪದರ ಇಡಿ, ನೀರು ಅಲ್ಲಿ ತಡೆದು ಅಡ್ಡಕ್ಕೆ ಹರಿಯುತ್ತದೆ. ಎರಡನೆಯದು ಪಳ್ಳ. ಪದವಿನ ಮೇಲೆ ಕಲ್ಲಿನ ತಗ್ಗಿನಲ್ಲಿ ನಿಲ್ಲುವ ಈ ನೀರು ಸ್ವಲ್ಪ ತಿಂಗಳ ಮಾತು, ಆದರೆ ಅಷ್ಟರಲ್ಲೇ ಕಪ್ಪೆ, ಏಡಿ, ಪುಟ್ಟ ಹೂಗಿಡಗಳ ಒಂದು ಬದುಕು ಮುಗಿದುಹೋಗುತ್ತದೆ. ಮೂರನೆಯದು ಮರ. ಬೇರು, ತರಗೆಲೆ, ಹಾವಸೆ ಎಲ್ಲ ನೀರು ಹಿಡಿಯುತ್ತವೆ. ನಾಲ್ಕನೆಯದು ಮೋಡ. ತೇಲುವ ದ್ವೀಪ ಮೋಡದ ಒಳಗೇ ಇರುತ್ತದಲ್ವಾ? ಎಲೆಗಳಿಗೆ ಮಂಜು ತಾಗಿ ಹನಿಯಾಗಿ ಬೀಳುತ್ತದೆ. ಕ್ಯಾನರಿ ದ್ವೀಪಗಳಲ್ಲಿ ಎಲ್ ಹಿಯರೋ ಎಂಬಲ್ಲಿ ಗರೋಯೆ ಎಂಬ ಒಂದು ಮರ ಹೀಗೆ ಮಂಜಿನಿಂದ ನೀರಿಳಿಸಿ ಊರಿನ ಜನರ ಬಾಯಾರಿಕೆ ಕಳೆಯುತ್ತಿತ್ತು. 1610ರ ಬಿರುಗಾಳಿಗೆ ಅದು ಉರುಳಿತು. ನಿಮ್ಮ ದ್ವೀಪದಲ್ಲಿ ಅಂಥ ಒಂದು ಮರ ಇಟ್ಟರೆ ಅದಕ್ಕೆ ಕಾವಲುಗಾರರೂ ಬೇಕಾಗುತ್ತದೆ, ಜಗಳವೂ ಹುಟ್ಟುತ್ತದೆ.

ಇನ್ನು ಸುರಂಗ. ಇದನ್ನು ನಾನು ಬಹಳ ಪ್ರೀತಿಯಿಂದ ನಕ್ಷೆಗೆ ಸೇರಿಸಿದೆ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಇದು ಬಾವಿಯ ಹಾಗೆ ಕೆಳಕ್ಕೆ ಅಗೆಯುವುದಲ್ಲ. ಗುಡ್ಡೆಯ ಬದಿಯಿಂದ ಒಳಕ್ಕೆ, ಒಬ್ಬ ಮನುಷ್ಯ ನಡೆಯುವಷ್ಟು ಮಾತ್ರ ಅಗಲ ಮತ್ತು ಎತ್ತರಕ್ಕೆ ಕೊರೆಯುತ್ತಾರೆ. ಒರತೆ ಸಿಗುವವರೆಗೆ ಹೋಗುತ್ತಾರೆ. ಕೆಲವು ಹತ್ತಾರು ಮೀಟರಿಗೆ ಮುಗಿಯುತ್ತವೆ, ಕೆಲವು 200, 300 ಮೀಟರ್ ಉದ್ದ ಇವೆ. ಉದ್ದ ಆದಾಗ ಗಾಳಿಗಾಗಿ ಮೇಲಿನಿಂದ ಕಿಂಡಿ ತೆಗೆಯುತ್ತಾರೆ. ನೆಲ ಸ್ವಲ್ಪ ಹೊರಕ್ಕೆ ಇಳಿಜಾರು, ಹಾಗಾಗಿ ಪಂಪು ಬೇಡ, ನೀರು ತಾನಾಗಿ ಬಂದು ಕೆರೆಗೆ ಬೀಳುತ್ತದೆ. ನಮ್ಮ ಜಿಲ್ಲೆಯಲ್ಲಿ ಇಂಥವು ಸಾವಿರಾರು ಇವೆ. ಆಟದಲ್ಲಿ ನೆಲಮಾಳಿಗೆ, ಗುಹೆ ಬೇಕು ಎಂದರೆ ಇದಕ್ಕಿಂತ ಒಳ್ಳೆಯದು ಯಾವುದು? ಕತ್ತಲೆ, ಮೊಣಕಾಲಿನವರೆಗೆ ತಣ್ಣನೆಯ ನೀರು, ತಲೆಯ ಮೇಲೆ ಬಾವಲಿ, ಕುಸಿಯುವ ಭಯ, ಕೊನೆಯಲ್ಲಿ ಇಡೀ ಊರಿನ ಜೀವ. ಯಾರೋ ಒಬ್ಬರು ಅಲ್ಲಿಗೆ ಹೋಗಿ ಕಲ್ಲು ಸರಿಸಲೇಬೇಕು ಎಂಬ ಕೆಲಸ ಕೊಟ್ಟು ನೋಡಿ. ಖಜಾನೆಗಿಂತ ಗಟ್ಟಿಯಾಗಿ ಆಟಗಾರರನ್ನು ಹಿಡಿಯುತ್ತದೆ.

ಕೊನೆಗೆ ದ್ವೀಪದ ಅಡಿಭಾಗ. ನಕ್ಷೆ ಬರೆಯುವವರು ಹೆಚ್ಚಾಗಿ ಇದನ್ನು ಮರೆಯುತ್ತಾರೆ. ಮೇಲಿನ ನೀರು ಸೋಸಿ ಸೋಸಿ ಅಡಿಯಿಂದ ಹನಿಯುತ್ತದೆ. ಬೆಳಗ್ಗೆ ಪೂರ್ವದ ಅಡಿಮೈಗೆ, ಸಂಜೆ ಪಡುವಣದ ಅಡಿಮೈಗೆ ಓರೆ ಬಿಸಿಲು ಸಿಗುತ್ತದೆ. ಅಷ್ಟು ಸಾಕು, ಅಲ್ಲಿ ತಲೆಕೆಳಗಾದ ತೋಟವೊಂದು ಬೆಳೆಯುತ್ತದೆ. ಹಾವಸೆ, ಜರಿಗಿಡ, ಸೀತಾಳೆ ಹೂ, ಇಳಿಬಿದ್ದ ಗೋಳಿ (ಆಲ) ಬೇರು. ನಡುವಿನ ಕತ್ತಲೆಯಲ್ಲಿ ಬಾವಲಿ. ಬೇರಿನಿಂದ ಬೇರಿಗೆ ಜೋತಾಡಿ ಅಲ್ಲಿಗೆ ಹೋಗಿ ಜೇನು ತರುವ ಕುಟುಂಬವೊಂದು ನನ್ನ ದ್ವೀಪದಲ್ಲಿದೆ.

ಮೂರನೆಯ ಹೆಜ್ಜೆ: ಬಿದ್ದುಹೋದದ್ದನ್ನು ತಂದುಕೊಡುವವರು ಯಾರು

ನೀರು ಹೋಗುವಾಗ ಮಣ್ಣನ್ನೂ ಒಯ್ಯುತ್ತದೆ. ನೆಲದ ಮೇಲಾದರೆ ಗುಡ್ಡೆಯ ಮಣ್ಣು ಬೈಲಿಗೆ ಬಂದು ನಿಲ್ಲುತ್ತದೆ, ಬೈಲಿನವರು ಗದ್ದೆ ಮಾಡುತ್ತಾರೆ. ತೇಲುವ ದ್ವೀಪದ ಮಣ್ಣು ಅಂಚು ದಾಟಿದರೆ ಮತ್ತೆ ಬಾರದು. ಎಲೆ, ಹಣ್ಣು, ಸತ್ತ ಪ್ರಾಣಿ ಎಲ್ಲದಕ್ಕೂ ಅದೇ ಗತಿ. ಹಾಗೇ ಬಿಟ್ಟರೆ ದ್ವೀಪ ಬೋಳಾಗಬೇಕು. ಹಸಿರಾಗಿ ಉಳಿದಿದೆ ಎಂದರೆ ಯಾರೋ ಹೊರಗಿನಿಂದ ಗೊಬ್ಬರ ತರುತ್ತಿದ್ದಾರೆ ಎಂದೇ ಅರ್ಥ.

ಒಂದು ದಾರಿ ಗಾಳಿ. ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ಸಾಗರ ದಾಟಿ ಅಮೆಜಾನ್ ಕಾಡಿಗೆ ರಂಜಕ ಕೊಡುತ್ತದೆ. ನಿಮ್ಮ ಲೋಕದಲ್ಲಿ ಯಾವ ಮರಳುಗಾಡಿನ ಧೂಳು ಬರುತ್ತದೆ ಎಂದು ಬರೆದುಕೊಳ್ಳಿ. ಇನ್ನೊಂದು ದಾರಿ ಹಕ್ಕಿ. ಐಸ್‌ಲ್ಯಾಂಡಿನ ಬಳಿ 1963ರಲ್ಲಿ ಕಡಲಿನಿಂದ ಎದ್ದ ಸರ್ಟ್‌ಸೆ ದ್ವೀಪವನ್ನು ವಿಜ್ಞಾನಿಗಳು ಮೊದಲ ದಿನದಿಂದ ನೋಡುತ್ತಾ ಬಂದಿದ್ದಾರೆ. ಇಪ್ಪತ್ತು ವರ್ಷ ಅಲ್ಲಿ ಗಿಡಗಳು ತೆವಳಿದವು. 1980ರ ದಶಕದ ನಡುವಿನಲ್ಲಿ ಕಡಲಹಕ್ಕಿಗಳು ಗುಂಪಾಗಿ ಗೂಡು ಕಟ್ಟಿದವು. ಅವುಗಳ ಹಿಕ್ಕೆ ಬಿದ್ದ ಕಡೆಯಲ್ಲೆಲ್ಲ ಹಸಿರು ಹರಡಿತು. ಅದೇ ದ್ವೀಪ ಅಲೆಯ ಹೊಡೆತಕ್ಕೆ ಸವೆದು ಈಗ ಮೊದಲಿನ ಅರ್ಧದಷ್ಟಾಗಿದೆ. ನಿಮ್ಮ ದ್ವೀಪವೂ ಸವೆಯಲಿ. ವರ್ಷಕ್ಕೊಮ್ಮೆ ಅಂಚಿನ ಒಂದು ತುಂಡು ಕಳಚಿ ಬೀಳಲಿ. ಆ ತುಂಡಿನ ಮೇಲೆ ಯಾರ ಮನೆ ಇತ್ತು ಎಂಬುದು ನಿಮ್ಮ ಕಥೆ.

ಅಡಕೆ ಬೆಳೆಗಾರರಿಗೆ ಈ ಲೆಕ್ಕ ಹೊಸದಲ್ಲ. ತೋಟದ ಸಾರ ಪ್ರತಿ ಮಳೆಗಾಲ ಕಣಿ ಹಿಡಿದು ತೋಡಿಗೆ ಹೋಗುತ್ತದೆ. ಅದಕ್ಕೇ ಗುಡ್ಡೆಯಿಂದ ಸೊಪ್ಪು ತಂದು ಬುಡಕ್ಕೆ ಹಾಕುವುದು, ಹಟ್ಟಿಗೊಬ್ಬರ ಹಾಕುವುದು. ಒಂದು ತೋಟ ಬದುಕಬೇಕಾದರೆ ಅದರ ಮೇಲೆ ಸೊಪ್ಪಿನ ಗುಡ್ಡೆ ಇರಲೇಬೇಕು. ದ್ವೀಪಕ್ಕೆ ಸೊಪ್ಪಿನ ಗುಡ್ಡೆ ಯಾವುದು ಎಂದು ಕೇಳಿಕೊಳ್ಳಿ.

ಸಾರವಿಲ್ಲದ ಕಡೆ ಏನು ಬೆಳೆಯುತ್ತದೆ ಎಂದು ತಿಳಿಯಲು ಆಗಸ್ಟ್‌ನಲ್ಲಿ ಯಾವುದಾದರೂ ಪದವಿಗೆ ಹೋಗಿ ಮೊಣಕಾಲೂರಿ ನೋಡಿ. ಕಲ್ಲಿನ ಮೇಲಿನ ತೆಳು ನೀರಿನಲ್ಲಿ ನೀಲಿ ಹೂವಿನ ಯುಟ್ರಿಕುಲೇರಿಯ ಇರುತ್ತದೆ. ಅದರ ಬೇರಿನಂಥ ಎಳೆಗಳಲ್ಲಿ ಪುಟ್ಟ ಚೀಲಗಳಿವೆ, ನೀರಿನ ಹುಳಗಳನ್ನು ಎಳೆದುಕೊಂಡು ಅರಗಿಸುತ್ತವೆ. ಪಕ್ಕದಲ್ಲೇ ಅಂಟು ಹನಿಗಳ ಡ್ರೊಸೆರಾ ಸಿಗಬಹುದು. ಅದು ಇರುವೆ, ನೊಣ ಹಿಡಿಯುತ್ತದೆ. ಮಣ್ಣು ಕೊಡದ ಸಾರಜನಕವನ್ನು ಇವು ಹುಳಗಳಿಂದ ಪಡೆಯುತ್ತವೆ. ಮನುಷ್ಯರನ್ನು ನುಂಗುವ ಗಿಡ ಆಟಗಳಲ್ಲಿ ಬೇಕಾದಷ್ಟಿವೆ, ಸುಮ್ನೆ ನುಂಗುತ್ತವೆ. ನಿಮ್ಮ ಗಿಡಕ್ಕೆ ಒಂದು ಹಸಿವಿನ ಕಾರಣ ಕೊಡಿ. ಗೊಬ್ಬರ ಇರುವ ಹಕ್ಕಿಗೂಡಿನ ಬಳಿ ಅದು ಬೆಳೆಯುವುದೇ ಇಲ್ಲ ಎಂದಿಟ್ಟುಕೊಳ್ಳಿ. ಅದು ಗೊತ್ತಾದ ಆಟಗಾರರು ರಾತ್ರಿ ಎಲ್ಲಿ ಮಲಗಬೇಕು ಎಂದು ತಾವೇ ಲೆಕ್ಕ ಹಾಕುತ್ತಾರೆ.

ನಾಲ್ಕನೆಯ ಹೆಜ್ಜೆ: ಯಾರು ಬಂದರು, ಯಾರು ಮೊದಲೇ ಇದ್ದರು

ದ್ವೀಪ ಆಕಾಶದಲ್ಲೇ ಹುಟ್ಟಿತೋ, ನೆಲದಿಂದ ಕಿತ್ತುಕೊಂಡು ಹೋಯಿತೋ? ಇದಕ್ಕೆ ಉತ್ತರ ಬರೆಯದೆ ಒಂದು ಪ್ರಾಣಿಯನ್ನೂ ಸೇರಿಸಬೇಡಿ.

ಆಕಾಶದಲ್ಲಿ ಹುಟ್ಟಿದ್ದಾದರೆ ಅಲ್ಲಿರುವ ಎಲ್ಲವೂ ಹಾರಿ ಬಂದದ್ದೇ. ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ 1883ರ ಆಗಸ್ಟ್‌ನಲ್ಲಿ ಸಿಡಿದಾಗ ಉಳಿದ ನೆಲ ಬೂದಿಯಡಿ ಹೂತುಹೋಯಿತು. 1884ರ ಮೇ ತಿಂಗಳಲ್ಲಿ ಹುಡುಕಲು ಹೋದವರಿಗೆ ಸಿಕ್ಕಿದ್ದು ಒಂದು ಪುಟ್ಟ ಜೇಡ. ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಬಂದಿತ್ತು. ಜರಿಗಿಡಗಳ ಹುಡಿಯೂ ಗಾಳಿಯಲ್ಲೇ ಬರುತ್ತದೆ. ಹಣ್ಣು ತಿಂದ ಹಕ್ಕಿ, ಬಾವಲಿಗಳ ಹೊಟ್ಟೆಯಲ್ಲಿ ಗೋಳಿ, ಅತ್ತಿ ಜಾತಿಯ ಬೀಜ ಬರುತ್ತದೆ. ಗೋಡೆಯ ಬಿರುಕಿನಲ್ಲೂ ಹುಟ್ಟುವ ಗೋಳಿ ತೇಲುವ ಬಂಡೆಯನ್ನು ಬಿಟ್ಟೀತೆ? ಅದರ ಬೇರುಗಳೇ ಅಂಚನ್ನು ಹಿಡಿದಿಡುವ ಬಲೆ. ಮಕ್ಕಳು ಹಿಡಿಯುವ ಏರೋಪ್ಲೇನ್ ಚಿಟ್ಟೆಗಳಲ್ಲಿ ಒಂದು ಜಾತಿ ಭಾರತದಿಂದ ಮಾಲ್ಡೀವ್ಸ್ ಮೇಲಿಂದ ಕಡಲು ದಾಟಿ ಆಫ್ರಿಕಾದ ಕಡೆಗೆ ಹೋಗುತ್ತದೆ. ಅಂಥ ಪಯಣಿಗರಿಗೆ ನಿಮ್ಮ ದ್ವೀಪ ಒಂದು ತಂಗುದಾಣ. ಇಂಥ ದ್ವೀಪದಲ್ಲಿ ಆನೆ, ಹಂದಿ, ಕಪ್ಪೆ ಇರಕೂಡದು.

ನೆಲದಿಂದ ಕಿತ್ತು ಹೋದದ್ದಾದರೆ ಕಥೆಯೇ ಬೇರೆ. ಕಿತ್ತ ದಿನ ಮೇಲೆ ಇದ್ದವರೆಲ್ಲ ಸಿಕ್ಕಿಬಿದ್ದರು. ಕೆಳಗೆ ಅಳಿದುಹೋದ ಜಾತಿ ಮೇಲೆ ಉಳಿದಿರಬಹುದು. ಇದಕ್ಕೆ ನಮ್ಮ ದೇಶವೇ ಸಾಕ್ಷಿ. ಭಾರತದ ನೆಲ ಒಂದು ಕಾಲದಲ್ಲಿ ಕಡಲಿನಲ್ಲಿ ಉತ್ತರಕ್ಕೆ ಸರಿಯುತ್ತಿದ್ದ ದೊಡ್ಡ ದ್ವೀಪ. ಕೇರಳದ ಇಡುಕ್ಕಿಯಲ್ಲಿ ಸಿಕ್ಕಿ 2003ರಲ್ಲಿ ಜಗತ್ತಿಗೆ ಪರಿಚಯವಾದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ಸೇಶೆಲ್ಸ್ ದ್ವೀಪಗಳಲ್ಲಿ. ಎರಡೂ ನೆಲ ಬೇರೆಯಾಗಿ ಆರು ಕೋಟಿಗೂ ಹೆಚ್ಚು ವರ್ಷ ಆಗಿದೆ. ಮಲಯಾಳಿಗರು ಅದನ್ನು ಪಾತಾಳ ತವಳ ಎನ್ನುತ್ತಾರೆ. ವರ್ಷವಿಡೀ ಮಣ್ಣಿನೊಳಗೇ ಇದ್ದು, ಮೊದಲ ಮಳೆಗೆ ಕೆಲವೇ ದಿನ ಹೊರಬರುತ್ತದೆ. ಮುಗಿಲಪದವಿನಲ್ಲಿ ಅಂಥದ್ದೊಂದು ಕಪ್ಪೆ ಇಟ್ಟಿದ್ದೇನೆ. ಅದು ಕೂಗಿದ ಮರುದಿನ ದ್ವೀಪ ಇಳಿಯಲು ಶುರು.

ಎಷ್ಟು ಜಾತಿ ಇರಬೇಕು ಎಂದು ತಲೆಕೆಡಿಸಿಕೊಳ್ಳಬೇಡಿ. ದ್ವೀಪ ಹತ್ತು ಪಟ್ಟು ದೊಡ್ಡದಾದರೆ ಜಾತಿಗಳು ಸುಮಾರು ಎರಡು ಪಟ್ಟಾಗುತ್ತವೆ, ದೂರವಾದಷ್ಟೂ ಕಡಿಮೆಯಾಗುತ್ತವೆ. ಇಷ್ಟು ನೆನಪಿದ್ದರೆ ಸಾಕು. ಆಟದಲ್ಲಿ ಹೆಸರಿಟ್ಟು ತೋರಿಸುವುದಕ್ಕೆ ಹನ್ನೆರಡು ಗಿಡ, ಹನ್ನೆರಡು ಪ್ರಾಣಿ ಧಾರಾಳ.

ಬಂದವರು ಹಾಗೇ ಉಳಿಯುವುದಿಲ್ಲ

ಅಂಚಿನಿಂದ ಬಿದ್ದವರಿಗೆ ಮಕ್ಕಳಿಲ್ಲ. ತೇಲುವ ದ್ವೀಪದಲ್ಲಿ ಜೀವಿಗಳನ್ನು ತಿದ್ದುವ ನಿಯಮ ಇದೊಂದೇ. ಡಾರ್ವಿನ್ ಮಡೀರ ದ್ವೀಪದ ಜೀರುಂಡೆಗಳ ಬಗ್ಗೆ ಬರೆದಿದ್ದಾನೆ. ಆಗ ಗೊತ್ತಿದ್ದ 550 ಜಾತಿಗಳಲ್ಲಿ 200 ಹಾರಲಾರವು. ಹಾರಿದವು ಗಾಳಿಗೆ ಸಿಕ್ಕಿ ಕಡಲಿಗೆ ಹೋದವು, ನೆಲಕ್ಕೆ ಅಂಟಿಕೊಂಡವು ಉಳಿದವು. ನಿಮ್ಮಲ್ಲೂ ಎರಡು ಬಗೆ ಇರಲಿ. ರೆಕ್ಕೆ ಬಿಟ್ಟು ಉಗುರು ಬೆಳೆಸಿಕೊಂಡವರು, ಮತ್ತು ಬಿದ್ದರೂ ತಿರುಗಿ ಬರಬಲ್ಲವರು.

ಎರಡನೆಯ ಬಗೆಗೆ ಮಾದರಿ ನಮ್ಮ ತೋಟದಲ್ಲೇ ಇದೆ. ಹಾರುವ ಓತಿಯನ್ನು ನೋಡಿದ್ದೀರಾ? ಪಕ್ಕೆಲುಬು ಅಗಲಿಸಿ ಚರ್ಮದ ರೆಕ್ಕೆ ಬಿಚ್ಚಿ ಒಂದು ಅಡಕೆ ಮರದಿಂದ ಇನ್ನೊಂದಕ್ಕೆ ಜಾರುತ್ತದೆ. ಜಾರಿ ಬಂದದ್ದು ಕೆಳಗಿನ ಭಾಗಕ್ಕೆ ಅಂಟಿಕೊಂಡು ಮತ್ತೆ ಮೇಲೆ ಹತ್ತುತ್ತದೆ. ಹೆಣ್ಣು ಮಾತ್ರ ಮೊಟ್ಟೆ ಇಡಲು ನೆಲಕ್ಕೆ ಇಳಿಯುತ್ತದೆ. ಇದನ್ನೇ ದೊಡ್ಡದು ಮಾಡಿ. ದ್ವೀಪದ ಅಡಿಯ ಬೇರುಗಳಲ್ಲಿ ಬದುಕುವ, ಮೊಟ್ಟೆ ಇಡಲು ಮಾತ್ರ ಮೇಲಿನ ಮಣ್ಣಿಗೆ ಹತ್ತಿಬರುವ ಓತಿ. ಅದು ಹತ್ತುವ ದಾರಿಯೇ ಕಳ್ಳರಿಗೂ ದಾರಿ.

ಡ್ರ್ಯಾಗನ್‌ಗೆ ಊಟ ಎಲ್ಲಿಂದ

ಗಿಡ ತಿನ್ನುವವರಿಗೆ ಗಿಡದ ಶಕ್ತಿಯ ಸುಮಾರು ಹತ್ತರಲ್ಲಿ ಒಂದು ಪಾಲು ಸಿಗುತ್ತದೆ. ಅವರನ್ನು ತಿನ್ನುವವರಿಗೆ ಅದರ ಹತ್ತರಲ್ಲಿ ಒಂದು. ಒಳ್ಳೆಯ ಕಾಡಿನಲ್ಲೂ ಒಂದು ಹೆಣ್ಣು ಹುಲಿಗೆ ಹದಿನೈದು ಇಪ್ಪತ್ತು ಚದರ ಕಿಲೋಮೀಟರ್ ಬೇಕು. ನನ್ನ ದ್ವೀಪ ಬರೀ ಮೂರು ಚದರ ಕಿಲೋಮೀಟರ್. ಒಂದು ಹುಲಿಗೇ ಸಾಲದ ಕಡೆ ಡ್ರ್ಯಾಗನ್ ಹೇಗೆ ಬದುಕುತ್ತದೆ?

ಎರಡು ದಾರಿ ಕಂಡೆ. ಅದನ್ನು ಹೆಬ್ಬಾವಿನ ಹಾಗೆ ತಣ್ಣನೆಯ ರಕ್ತದ ಪ್ರಾಣಿ ಮಾಡುವುದು ಒಂದು. ಅದೇ ತೂಕದ ಹುಲಿಗೆ ಬೇಕಾದ ಆಹಾರದ ಹತ್ತರಲ್ಲಿ ಒಂದು ಪಾಲಿನಲ್ಲಿ ಅದರ ಬದುಕು ಸಾಗುತ್ತದೆ. ಆಗ ಅದು ಬಹಳ ಹೊತ್ತು ಬಿಸಿಲಿಗೆ ಮೈಯೊಡ್ಡಿ ಬಿದ್ದಿರಬೇಕು, ಆಟಿ ತಿಂಗಳ ಮಂಜಿನಲ್ಲಿ ಅಲುಗಾಡಲಾರದೆ ಇರಬೇಕು. ಅದು ಆಟಗಾರರಿಗೆ ಒಂದು ಸುಳಿವು. ಎರಡನೆಯ ದಾರಿ, ಅದು ಕೆಳಗೆ ಹೋಗಿ ಬೇಟೆಯಾಡಿ ಮೇಲೆ ಬಂದು ಮಲಗುವುದು.

ಈ ಎರಡನೆಯದನ್ನು ಬರೆಯುವಾಗ ನನಗೆ ಮೂರನೆಯ ಹೆಜ್ಜೆಯ ಉತ್ತರ ಸಿಕ್ಕಿತು. ಕೆಳಗೆ ತಿಂದು ಮೇಲೆ ಸಗಣಿ ಹಾಕುವ ಪ್ರಾಣಿ! ದ್ವೀಪದ ಸೊಪ್ಪಿನ ಗುಡ್ಡೆ ಅದೇ. ಗುಹೆಯ ಸುತ್ತ ಕಾಡು ದಟ್ಟವಾಗಿರುವುದು, ದೂರ ಹೋದಷ್ಟೂ ಹುಳ ಹಿಡಿಯುವ ಗಿಡಗಳು ಜಾಸ್ತಿಯಾಗುವುದು, ಎಲ್ಲಕ್ಕೂ ಈಗ ಕಾರಣ ಇದೆ. ನಮ್ಮ ಗುಂಪು ಆ ಡ್ರ್ಯಾಗನ್ ಅನ್ನು ಕೊಲ್ಲಲು ಹೋಗಿತ್ತು. ಕೊಂದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಮುಗಿಲಪದವು ಬೋಳು ಕಲ್ಲು. ಕೊಲ್ಲದಿದ್ದರೆ ಕೆಳಗಿನ ಊರಿನ ದನಗಳು ಅದರ ಪಾಲು. ಮೂರು ಭಾನುವಾರ ಇದೇ ಮಾತುಕತೆ ನಡೆಯಿತು. ಒಬ್ಬರೂ ಕತ್ತಿ ಎತ್ತಲಿಲ್ಲ, ಒಬ್ಬರಿಗೂ ಬೇಸರ ಬರಲಿಲ್ಲ.

ಜನರನ್ನು ಕೊನೆಗೆ ತನ್ನಿ

ಮೇಲಿನದೆಲ್ಲ ಆದ ಮೇಲೆ ಊರು ಕಟ್ಟಿ. ಆಗ ಅವರ ಪದ್ಧತಿಗಳು ತಾವಾಗಿ ಹುಟ್ಟುತ್ತವೆ. ನಮ್ಮಲ್ಲಿ ಮಳೆ ನಿಂತ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಕೆ ಮರ ಹಾಕಿ ಕಟ್ಟ ಕಟ್ಟುತ್ತಾರೆ. ಏತಡ್ಕದವರ ಕಟ್ಟಗಳು ಇದಕ್ಕೆ ಹೆಸರಾಗಿವೆ. ಮೇಲಿನವರು ಕಟ್ಟಿದರೆ ಕೆಳಗಿನವರ ಬಾವಿಗೂ ನೀರು. ಮುಂದಿನ ಮಳೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ, ಮತ್ತೆ ಕಟ್ಟಬೇಕು. ದ್ವೀಪದಲ್ಲಿ ಇದು ಹಬ್ಬವಾಗಲಿ, ಬಾರದವರಿಗೆ ದಂಡ ಇರಲಿ.

ನಾಗಬನವನ್ನೂ ಇಡಿ. ಕೊಡಲಿ ಹಾಕಬಾರದ ಒಂದು ತುಂಡು ಕಾಡು ಬೀಜದ ಉಗ್ರಾಣ. ಆಡು ಸಾಕಬಹುದೇ ಎಂಬುದು ಊರಿನ ದೊಡ್ಡ ಜಗಳವಾಗಲಿ. ಪೋರ್ಚುಗೀಸರು 1513ರಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಬಿಟ್ಟ ಆಡುಗಳು ಅಲ್ಲಿನ ಕಾಡನ್ನೇ ತಿಂದು ತೇಗಿದವು. ಕಲ್ಲು ಕಡಿಯುವುದಂತೂ ಇನ್ನೂ ದೊಡ್ಡ ಪ್ರಶ್ನೆ. ಮುರಕಲ್ಲು ಗಾಳಿಗೆ ಒಡ್ಡಿದಷ್ಟೂ ಗಟ್ಟಿಯಾಗುತ್ತದೆ, ಮನೆಗೆ ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಆದರೆ ತೇಲಿಸುವುದೂ ನೀರು ಹಿಡಿಯುವುದೂ ಅದೇ ಕಲ್ಲು. ಯಂತ್ರ ಬಂದ ಮೇಲೆ ನಮ್ಮ ಪದವುಗಳು ಹೇಗೆ ಬೋಳಾಗಿವೆ, ಕೊಳವೆಬಾವಿ ಇಳಿದ ಕಡೆ ಸುರಂಗಗಳು ಹೇಗೆ ಬತ್ತಿವೆ ಎಂದು ನೋಡಿದವರಿಗೆ ಈ ಭಾಗ ಬರೆಯಲು ಕಷ್ಟವಾಗದು.

ಒಂದು ಮಾತು ಮನಸ್ಸಿಟ್ಟು ಹೇಳಬೇಕು. ಈ ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ತೋಟ ಗುಡ್ಡೆಯ ಮೇಲೆ, ಜನ ಕೆಳಗೆ. ಆ ನೋವು ಇವತ್ತಿಗೂ ಮನೆಮನೆಗಳಲ್ಲಿದೆ. ಮೇಲಿನಿಂದ ಬಿದ್ದದ್ದು ನೀರಿನ ದಾರಿಯಲ್ಲೇ ಹೋಗುತ್ತದೆ ಎಂಬುದನ್ನು ಆಟದಲ್ಲಿ ತರಬಹುದು. ಆದರೆ ಮೊದಲು ಮೇಜಿನ ಸುತ್ತ ಇರುವವರನ್ನು ಕೇಳಿ. ನಮ್ಮ ಗುಂಪು ಬೇಡ ಎಂದಿತು. ಮುಗಿಲಪದವಿನಲ್ಲಿ ವಿಷ ಇಲ್ಲ.

ದ್ವೀಪದ ಕೆಳಗೂ ಒಂದು ಊರಿದೆ ಎಂಬುದನ್ನು ಬರೆದಿಡಿ. ಅವರ ಗದ್ದೆಗೆ ನೆರಳು ಬೀಳುತ್ತದೆ, ಅವರ ಮನೆಯ ಮಾಡಿಗೆ ಕಲ್ಲು ಬೀಳುತ್ತದೆ, ಅವರಿಗೆ ಪುಕ್ಕಟೆ ಗೊಬ್ಬರವೂ ಬೀಳುತ್ತದೆ. ಮಳೆಗಾಲದಲ್ಲಿ ದ್ವೀಪ ತಗ್ಗಿದಾಗ ಇಬ್ಬರೂ ಮಾತಾಡುವಷ್ಟು ಹತ್ತಿರ ಬರುತ್ತಾರೆ. ವ್ಯಾಪಾರ, ಮದುವೆ, ಹೊಡೆದಾಟ ಎಲ್ಲ ಆಗಲೇ.

ಇದನ್ನು ದಾಳಕ್ಕೆ ಇಳಿಸುವುದು

ಇಷ್ಟೆಲ್ಲ ನೋಟ್‌ಬುಕ್‌ನಲ್ಲೇ ಉಳಿದರೆ ಆಟಗಾರರಿಗೆ ಏನೂ ತಾಗುವುದಿಲ್ಲ. ನಾನು ಒಂದೇ ಒಂದು ಅಂಕ ಇಟ್ಟಿದ್ದೇನೆ. ಅದರ ಹೆಸರು ಒರತೆ. ನವೆಂಬರ್ ಒಂದಕ್ಕೆ ಅದು 10. ಆಟದೊಳಗಿನ ಪ್ರತಿ ಹದಿನೈದು ದಿನಕ್ಕೆ ಒಂದು ಕಡಿಮೆ ಮಾಡಿ, ಒಂದು ದಾಳ ಹಾಕಿ. 1 ಬಿದ್ದರೆ ಇನ್ನೊಂದು ಕಡಿಮೆ. ಮಾರ್ಚ್ ಕೊನೆಗೆ ಒರತೆ ಸೊನ್ನೆಗೆ ಬರುತ್ತದೆ, ಮಳೆಗೆ ಇನ್ನೂ ಎರಡು ತಿಂಗಳು ಇರುತ್ತದೆ. ಉಳಿದ ನಾಲ್ಕೈದು ಅಂಕವನ್ನು ಜನ ಗಳಿಸಬೇಕು. ಒಂದು ಕಟ್ಟ ಕಟ್ಟಿದರೆ 2. ಸುರಂಗದ ಕುಸಿತ ತೆಗೆದರೆ 1. ಮಂಜಿನ ಮರವನ್ನು ಉಳಿಸಿಕೊಂಡರೆ 1. ಏಪ್ರಿಲ್ ನಂತರ ದಾಳದಲ್ಲಿ 6 ಬಿದ್ದರೆ ಬೇಸಿಗೆ ಮಳೆ, 2 ಅಂಕ. ಆದರೆ ಆ ಮಳೆಗೆ ಸಿಡಿಲೂ ಬರುತ್ತದೆ.

ಅಂಕ ಎಷ್ಟಿದೆ ಎಂದು ಬಾಯಿಬಿಟ್ಟು ಹೇಳಬೇಡಿ. ಕಣ್ಣಿಗೆ ಕಾಣುವ ಹಾಗೆ ಹೇಳಿ. 7ಕ್ಕೆ ಪಳ್ಳಗಳು ಒಣಗಿ ಕೆಸರು ಬಿರುಕು ಬಿಡುತ್ತದೆ. 5ಕ್ಕೆ ಅಡಿಯ ತೋಟದ ಜರಿಗಿಡ ಮುದುಡುತ್ತದೆ, ಜೇನು ಎದ್ದುಹೋಗುತ್ತದೆ. 3ಕ್ಕೆ ಸುರಂಗದ ಬಾಯಿಯಲ್ಲಿ ಕೊಡಗಳ ಸಾಲು, ಸರದಿಗಾಗಿ ಜಗಳ. 1ಕ್ಕೆ ರಾತ್ರಿ ಕಾಡಿನ ಪ್ರಾಣಿಗಳೂ ಅದೇ ಬಾಯಿಗೆ ಬರುತ್ತವೆ, ಒಂದರ ಪಕ್ಕ ಒಂದು ನಿಂತು ನೆಕ್ಕುತ್ತವೆ. ಸೊನ್ನೆಗೆ ದ್ವೀಪ ಎಷ್ಟು ಹಗುರಾಗುತ್ತದೆಂದರೆ ಅದು ತನ್ನ ಎಂದಿನ ಎತ್ತರ ದಾಟಿ ಗಾಳಿಯ ಜೊತೆ ಪಡುವಣ ಕಡಲಿನ ಕಡೆ ಸರಿಯತೊಡಗುತ್ತದೆ.

ಮೊದಲ ಆಟವನ್ನು ಫೆಬ್ರವರಿಯಲ್ಲಿ ಶುರು ಮಾಡಿ, ಒರತೆ 4 ಇರುವಾಗ. ಆಟಗಾರರು ದ್ವೀಪಕ್ಕೆ ಕಾಲಿಟ್ಟ ತಕ್ಷಣ ಯಾರಾದರೂ ಅವರಿಗೆ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಡಲಿ. ಆ ಲೋಟ ಅರ್ಧ ಮಾತ್ರ ತುಂಬಿರಲಿ.